ಹೊಳೆಯ ನೀರು, ಗದ್ದೆಯ ಮೀನು: ಕೊಡಗಿನ ನದಿದಂಡೆಯ ಊರುಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಮತ್ತು ಅವುಗಳನ್ನು ಸೇರುವ ತೋಡುಗಳ (ಸಣ್ಣ ಹಳ್ಳಗಳ) ಬದಿಯಲ್ಲಿ ಗದ್ದೆ, ತೋಟ ಅಥವಾ ಮನೆ ಇರುವವರು ನೀರು ಹಾಗೂ ಮೀನಿನ ವಿಷಯದಲ್ಲಿ ಒಂದು ಒಪ್ಪಂದಕ್ಕೆ ಬರಲು ಕುಳಿತಾಗ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವಕ್ಕೆ ಕಾನೂನಿನಲ್ಲೇ ಉತ್ತರವಿದೆ. ಉಳಿದವನ್ನು ಊರಿನವರೇ ಇತ್ಯರ್ಥ ಮಾಡಿಕೊಳ್ಳಬೇಕು. ಅಂಥಲ್ಲಿ ನಮ್ಮ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಹೇಳಿದ್ದೇವೆ.

ಕೊಡಗು ಗುಡ್ಡಗಾಡು ಜಿಲ್ಲೆ. ಇಲ್ಲಿ ನೆರೆಬಯಲು ಎಲ್ಲಿದೆ?

ತಲಕಾವೇರಿಯಿಂದ ಕಡಿದಾಗಿ ಇಳಿಯುವ ನೀರು ಭಾಗಮಂಡಲವನ್ನು ಮುಟ್ಟಿದ ಮೇಲೆ ನಿಧಾನವಾಗುತ್ತದೆ. ಅಲ್ಲಿಂದ ಮುಂದೆ ನಾಪೋಕ್ಲು, ಕೊಟ್ಟಮುಡಿ, ಬಲಮುರಿ, ಬೇತ್ರಿ, ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ, ದುಬಾರೆಗಳನ್ನು ದಾಟಿ ಕುಶಾಲನಗರದವರೆಗೆ ಹೊಳೆ ಬಳಸುತ್ತ ಹರಿಯುತ್ತದೆ, ಮತ್ತು ಎರಡೂ ಬದಿಯ ತಗ್ಗು ಗದ್ದೆಗಳು ಮಳೆಗಾಲದಲ್ಲಿ ಅದರ ಪಾಲಿಗೆ ಹೋಗುತ್ತವೆ. ದಕ್ಷಿಣ ಕೊಡಗಿನಲ್ಲಿ ಬ್ರಹ್ಮಗಿರಿಯಿಂದ ಇಳಿದು ಬರುವ ಲಕ್ಷ್ಮಣತೀರ್ಥದ ಬದಿಯ ಗದ್ದೆಗಳದೂ ಇದೇ ಸ್ಥಿತಿ. ಭಾಗಮಂಡಲದಲ್ಲಿ ರಸ್ತೆ ಮುಳುಗುವುದನ್ನು ತಪ್ಪಿಸಲು ಮೇಲ್ಸೇತುವೆಯನ್ನೇ ಕಟ್ಟಬೇಕಾಯಿತು. 2018 ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿರಲಾರರು. ಹೊಳೆ ಉಕ್ಕಿದಾಗ ನೀರು ಹರಡಿ ನಿಲ್ಲುವ ಜಾಗವೆಲ್ಲ, ಅದರ ಪಹಣಿ ಯಾರ ಹೆಸರಿನಲ್ಲೇ ಇರಲಿ, ಈ ಬರಹದ ಮಟ್ಟಿಗೆ ನೆರೆಬಯಲು.

ನೀರಿನ ವಿಷಯ ಮಾತನಾಡುವಾಗ ಮೀನನ್ನು ಏಕೆ ಸೇರಿಸಬೇಕು?

ಮೀನಿಗೆ ವರ್ಷದಲ್ಲಿ ಎರಡು ಜಾಗ ಬೇಕು. ಬೇಸಿಗೆಯಲ್ಲಿ ಹೊಳೆ ಬತ್ತಿ ಕಲ್ಲು ಕಾಣುವಾಗ ಅದು ಆಳವಾದ ಮಡುಗಳಲ್ಲಿ ಉಳಿದುಕೊಳ್ಳುತ್ತದೆ. ಮುಂಗಾರು ಹಿಡಿದು ನೀರು ಕೆಂಪಾಗಿ ಏರುತ್ತಿದ್ದಂತೆ ತೋಡುಗಳಿಗೂ ಗದ್ದೆಗಳಿಗೂ ಹತ್ತಿ ಮೊಟ್ಟೆ ಇಡುತ್ತದೆ. ಗದ್ದೆಯ ತೆಳುವಾದ, ಬೆಚ್ಚಗಿನ ನೀರಿನಲ್ಲಿ ಮರಿಗಳಿಗೆ ಮೇವು ಹೇರಳ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ನೀರು ಇಳಿಯುವಾಗ ಅವು ಹೊಳೆಗೆ ಮರಳುತ್ತವೆ. ಹೀಗಾಗಿ ಬೇಸಿಗೆಯ ಮಡು, ಮಳೆಗಾಲದ ಗದ್ದೆ, ಇವೆರಡನ್ನು ಕೂಡಿಸುವ ತೋಡು, ಈ ಮೂರರಲ್ಲಿ ಒಂದು ಕೆಟ್ಟರೂ ಮೀನಿನ ಸಂತತಿ ಕುಗ್ಗುತ್ತದೆ.

ಈ ಮೂರು ಜಾಗಗಳ ಮೇಲೆ ಹಿಡಿತವಿರುವುದು ಮೂರು ಬಗೆಯ ಜನರಿಗೆ. ಮಡುವಿನ ನೀರನ್ನು ಪಂಪು ಇಟ್ಟು ಎತ್ತುವವರು ಕಾಫಿ ಬೆಳೆಗಾರರು, ಗದ್ದೆಯನ್ನು ಉಳುವ ಅಥವಾ ಪಾಳು ಬಿಡುವ ತೀರ್ಮಾನ ಗದ್ದೆಯವರದು, ತೋಡಿನಲ್ಲಿ ಗಾಳ, ಬಲೆ, ಕೂಳಿ (ಮೀನು ಹಿಡಿಯುವ ಬುಟ್ಟಿ) ಹಾಕುವವರು ಹೆಚ್ಚಾಗಿ ತೋಟದ ಲೈನ್‌ಮನೆಗಳಲ್ಲಿ ವಾಸಿಸುವ ಕಾರ್ಮಿಕರು ಮತ್ತು ಬುಡಕಟ್ಟು ಹಾಡಿಗಳ ಜನ. ಒಬ್ಬರು ಮಾಡಿದ್ದರ ಫಲ ಇನ್ನೊಬ್ಬರಿಗೆ ಕೆಲವು ತಿಂಗಳ ಬಳಿಕ ತಲುಪುವುದರಿಂದ ಯಾರ ಮೇಲೂ ನೇರವಾಗಿ ಬೊಟ್ಟು ಮಾಡಲಾಗುವುದಿಲ್ಲ. ನಾವು ಈ ವಿಷಯದಲ್ಲಿ ಒತ್ತಿ ಹೇಳುವುದು ಒಂದೇ: ಮಳೆಗಾಲದ ನೆರೆಗೊಂದು ಸಭೆ, ಬೇಸಿಗೆಯ ಬರಕ್ಕೊಂದು ಸಭೆ, ಮೀನಿಗೆ ಮತ್ತೊಂದು ಎಂದು ಹಂಚಿಹಾಕಿದರೆ ಯಾವುದೂ ಬಗೆಹರಿಯುವುದಿಲ್ಲ. ಹೊಳೆಯ ಒಂದು ತಿರುವಿನಿಂದ ಮತ್ತೊಂದು ತಿರುವಿನವರೆಗಿನ ಭಾಗವನ್ನು ಹಿಡಿದು, ಅದರ ಎರಡೂ ದಂಡೆಯವರು ಮೂರನ್ನೂ ಒಟ್ಟಿಗೆ ಮಾತನಾಡಬೇಕು.

ಹೊಳೆಯ ನೀರು ಮತ್ತು ಮೀನು ಯಾರಿಗೆ ಸೇರಿದ್ದು?

ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 67ನೆಯ ಪ್ರಕರಣದ ಪ್ರಕಾರ ನದಿ, ತೊರೆ, ಹಳ್ಳ, ಕೆರೆಗಳು ಬೇರೆಯವರ ಸ್ವತ್ತಾಗಿಲ್ಲದಿದ್ದರೆ ರಾಜ್ಯ ಸರಕಾರಕ್ಕೆ ಸೇರಿವೆ. ತೋಟದ ಬದಿಯಲ್ಲಿ ಹೊಳೆ ಹರಿಯುತ್ತದೆ ಎಂದ ಮಾತ್ರಕ್ಕೆ ಅದರ ನೀರಿಗೆ ತೋಟದವರು ಒಡೆಯರಾಗುವುದಿಲ್ಲ. ಒಳನಾಡಿನ ಮೀನುಗಾರಿಕೆಗೆ 1996ರ ಪ್ರತ್ಯೇಕ ರಾಜ್ಯ ಅಧಿನಿಯಮವಿದ್ದು, ತೋಟೆ ಸಿಡಿಸಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧ. ಕಾಡಿನಲ್ಲಿ ತಲೆತಲಾಂತರದಿಂದ ಬದುಕಿರುವ ಜೇನುಕುರುಬ, ಬೆಟ್ಟಕುರುಬ, ಯರವರಂಥ ಸಮುದಾಯಗಳು ಜಲಮೂಲಗಳ ಮೀನು ಮತ್ತಿತರ ಉತ್ಪನ್ನಗಳ ಮೇಲಿನ ಸಮುದಾಯ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೇಳಬಹುದು. ಸಭೆಗಳಲ್ಲಿ ಈ ಅಂಶವನ್ನು ಯಾರೂ ಎತ್ತದೆ ದಾಟಿಬಿಡುವುದೇ ಹೆಚ್ಚು.

ಹಾಗಿದ್ದರೆ ಊರಿನವರು ತೀರ್ಮಾನಿಸಲು ಉಳಿಯುವುದೇನು?

ಬಹಳ ಉಳಿಯುತ್ತದೆ. ಯಾರ ಪಂಪು ಯಾವ ದಿನ ನಡೆಯಬೇಕು, ಯಾವ ಮಡುವಿನಲ್ಲಿ ವರ್ಷವಿಡೀ ಮೀನು ಹಿಡಿಯಬಾರದು, ತೋಡಿನ ಹೂಳನ್ನು ಯಾವಾಗ ತೆಗೆಯಬೇಕು, ಗದ್ದೆಯ ನೀರನ್ನು ಯಾವಾಗ ಬಿಡಬೇಕು ಎಂಬುವಕ್ಕೆ ಬೆಂಗಳೂರಿನಿಂದ ಆದೇಶ ಬರುವುದಿಲ್ಲ, ಬರಲೂಬಾರದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆಯನ್ನೂ ಮೀನುಗಾರಿಕೆಯನ್ನೂ ಹೆಸರಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಕಾಗದದಲ್ಲಷ್ಟೇ ಇದ್ದರೆ ಅದಕ್ಕೇ ಜೀವ ತುಂಬುವುದು, ಹೊಸ ಸಂಘವೊಂದನ್ನು ನೋಂದಾಯಿಸುವುದಕ್ಕಿಂತ ಸುಲಭವಾದ ದಾರಿ.

ಊರಿನವರಿಗೆ ಸಾಧ್ಯವಿಲ್ಲದ್ದೂ ಇದೆ. ದಂಡ ವಸೂಲಿ, ಬಲೆ ಜಪ್ತಿ, ಯಾರನ್ನಾದರೂ ಹೊಳೆಗೆ ಇಳಿಯದಂತೆ ತಡೆಯುವುದು ಇವು ಅಧಿಕಾರಿಗಳ ಕೆಲಸ. ಒಪ್ಪಂದದ ಹೆಸರಿನಲ್ಲಿ ಬಡವನ ಬಲೆಯನ್ನು ಕಸಿದುಕೊಂಡ ಊರಿನಲ್ಲಿ ಮುಂದಿನ ಸಭೆಗೆ ಆ ಮನೆಯವರು ಬರುವುದಿಲ್ಲ.

ಮಾತುಕತೆಗೆ ಯಾರನ್ನು ಕರೆಯಬೇಕು?

ಕೊಡಗಿನ ಊರುಗಳಲ್ಲಿ ಊರಿನ, ದೇವಸ್ಥಾನದ ಪರಂಪರಾಗತ ಮುಖ್ಯಸ್ಥರಾದ ಊರುತಕ್ಕರು, ದೇವತಕ್ಕರು ಕರೆದರೆ ಜನ ಸೇರುವ ವಾಡಿಕೆ ಇನ್ನೂ ಉಳಿದಿದೆ. ಹಬ್ಬದ ಕಟ್ಟು (ಹಬ್ಬದ ದಿನಗಳ ಕಟ್ಟುಪಾಡು) ಬಿದ್ದಾಗ ಇಡೀ ಊರು ಅದನ್ನು ಪಾಲಿಸುತ್ತದೆ. ಈ ಶಿಸ್ತನ್ನು ನೀರಿನ ವಿಷಯಕ್ಕೂ ಬಳಸಿಕೊಳ್ಳಬಹುದು. ಆದರೆ ಹೊಳೆಯ ಬದಿಯಲ್ಲಿ ಇಂದು ಇರುವವರೆಲ್ಲ ಆ ಕಟ್ಟಿಗೆ ಒಳಪಟ್ಟವರಲ್ಲ. ಕರಡಿಗೋಡು, ಗುಹ್ಯದಂಥ ಕಡೆ ದಂಡೆಯ ಮೇಲೆಯೇ ಮನೆ ಕಟ್ಟಿಕೊಂಡು ಪ್ರತಿ ಆಗಸ್ಟಿನಲ್ಲಿ ಪರಿಹಾರ ಕೇಂದ್ರಕ್ಕೆ ಹೋಗುವ ಕುಟುಂಬಗಳಿವೆ. ಶುಂಠಿಗಾಗಿ ಗದ್ದೆ ಗುತ್ತಿಗೆ ಹಿಡಿದವರು, ಹೋಂಸ್ಟೇ ನಡೆಸುವವರು, ಊರಿನಲ್ಲಿ ತೋಟವಿದ್ದು ಮೈಸೂರು, ಬೆಂಗಳೂರಿನಲ್ಲಿ ವಾಸವಾಗಿರುವವರು ಕೂಡ ಇದ್ದಾರೆ. ಕೊನೆಯವರ ಪರವಾಗಿ ತೋಟದ ಲೆಕ್ಕಪತ್ರ, ಮೇಲ್ವಿಚಾರಣೆ ನೋಡುವ ರೈಟರು ಬಂದು ಕೂತರೆ ಸಾಲದು. ಪಂಪು ನಿಲ್ಲಿಸುವ ಮಾತು ಕೊಡುವ ಅಧಿಕಾರ ಅವರಿಗೆ ಇರುವುದಿಲ್ಲ. ಒಂದು ಫೋನ್ ಕರೆಯಲ್ಲಿ ಮಾಲೀಕರ ಒಪ್ಪಿಗೆ ಪಡೆದು ನಡಾವಳಿ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಹೆಂಗಸರು ಬರಬೇಕು ಎಂಬುದನ್ನು ಔಪಚಾರಿಕತೆಗಾಗಿ ಹೇಳುತ್ತಿಲ್ಲ. ಗದ್ದೆಯ ಏಡಿ, ಸಣ್ಣ ಮೀನು ಎಲ್ಲಿ ಕಡಿಮೆಯಾಯಿತು ಎಂಬುದು ನಾಟಿ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಮೊದಲು ತಿಳಿಯುತ್ತದೆ.

ಬೇಸಿಗೆಯಲ್ಲಿ ಹೊಳೆಗೆ ಪಂಪು ಇಡುವುದನ್ನು ನಿಲ್ಲಿಸಲು ಸಾಧ್ಯವೇ?

ಪೂರ್ತಿ ನಿಲ್ಲಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಫೆಬ್ರವರಿ–ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿ ಬೆಳೆಗಾರನಿಗೆ ಸ್ಪ್ರಿಂಕ್ಲರ್ ಬಿಟ್ಟರೆ ಗತಿಯಿಲ್ಲ. ಹೂ ಅರಳಿಸಲು ಒಮ್ಮೆ, ಕೆಲವು ವಾರಗಳ ನಂತರ ಕಾಯಿ ನಿಲ್ಲಿಸಲು ಮತ್ತೊಮ್ಮೆ ನೀರು ಹಾಯಿಸಬೇಕಾಗುತ್ತದೆ. ಆದರೆ ಇದರ ಲೆಕ್ಕವನ್ನು ಒಮ್ಮೆ ಎಲ್ಲರ ಮುಂದೆ ಬಿಡಿಸಿಡಬೇಕು. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು 1 ಲಕ್ಷ ಲೀಟರ್. 20 ಎಕರೆಯ ತೋಟಕ್ಕೆ ಒಂದೂವರೆ ಇಂಚು ಹಾಯಿಸಿದರೆ 30 ಲಕ್ಷ ಲೀಟರ್ ಆಯಿತು. ಮಳೆಗಾಲದಲ್ಲಿ ಕಾವೇರಿಗೆ ಇದು ಲೆಕ್ಕಕ್ಕೇ ಇಲ್ಲ. ಮಾರ್ಚಿನಲ್ಲಿ, ಹೊಳೆ ಮಡುವಿನಿಂದ ಮಡುವಿಗೆ ತೊಟ್ಟಿಕ್ಕುತ್ತಿರುವಾಗ, ಒಂದೇ ಮಡುವಿಗೆ ನಾಲ್ಕು ತೋಟಗಳು ಒಂದೇ ವಾರದಲ್ಲಿ ಪಂಪು ಇಟ್ಟರೆ ಮಡು ಖಾಲಿಯಾಗುತ್ತದೆ. ಅಲ್ಲಿದ್ದ ಮೀನು ಕೈಯಲ್ಲೇ ಹಿಡಿಯುವಂತಾಗುತ್ತದೆ, ಕೆಳಗಿನ ಊರಿನ ಕುಡಿಯುವ ನೀರನ್ನು ಎತ್ತುವ ಬಾವಿ (ಜಾಕ್‌ವೆಲ್) ನೀರಿಲ್ಲದೆ ಗಾಳಿ ಎಳೆಯುತ್ತದೆ.

ನಮಗೆ ಸರಿಯೆನಿಸುವ ಕ್ರಮ ಹೀಗಿದೆ. ನೀರು ಇನ್ನೂ ಇರುವಾಗಲೇ, ಜನವರಿಯಲ್ಲಿ, ಮಡುವಿನ ಪಕ್ಕದ ಬಂಡೆಯ ಮೇಲೆ ಬಣ್ಣದಲ್ಲಿ ಎರಡು ಗೆರೆ ಎಳೆಯುವುದು. ನೀರು ಮೇಲಿನ ಗೆರೆಗಿಂತ ಇಳಿದರೆ ಪಂಪುಗಳು ಸರದಿಯ ಮೇಲೆ, ಒಂದು ದಿನಕ್ಕೆ ಒಂದೇ ತೋಟ ಎಂಬಂತೆ ನಡೆಯಬೇಕು; ಕೆಳಗಿನ ಗೆರೆ ಕಂಡ ದಿನ ಎಲ್ಲ ಪಂಪುಗಳೂ ನಿಲ್ಲಬೇಕು. ಗೆರೆ ಎಲ್ಲಿರಬೇಕೆಂಬುದನ್ನು ಹಿಂದಿನ ಬೇಸಿಗೆಗಳ ನೆನಪಿನ ಮೇಲೆ ಊರಿನವರೇ ಗೊತ್ತುಮಾಡಿ, ಒಂದು ವರ್ಷ ನೋಡಿ, ತಪ್ಪಿದ್ದರೆ ಮುಂದಿನ ವರ್ಷ ಸರಿಸಬಹುದು. ಬಂಡೆಯ ಮೇಲಿನ ಗೆರೆಯನ್ನು ಹೋಗಿಬರುವವರೆಲ್ಲ ನೋಡುತ್ತಾರೆ. ಮೀಟರಿನಲ್ಲಿ ಅಳೆದ ಅಂಕಿಯ ಮೇಲೆ ಜಗಳವಾಡಿದಂತೆ ಇದರ ಮೇಲೆ ಜಗಳವಾಡಲು ಆಗುವುದಿಲ್ಲ. ತೀವ್ರ ಬರದ ವರ್ಷ ಹೊಳೆಯಿಂದ ತೋಟಕ್ಕೆ ನೀರೆತ್ತದಂತೆ ಜಿಲ್ಲಾಡಳಿತ ಆದೇಶ ಹೊರಡಿಸಿದರೆ ಊರಿನ ಸರದಿ ಅದರ ಮುಂದೆ ನಿಲ್ಲುವುದಿಲ್ಲ ಎಂಬುದೂ ಎಲ್ಲರಿಗೆ ತಿಳಿದಿರಬೇಕು.

ದೊಡ್ಡ ತೋಟದವರು ತಮ್ಮಲ್ಲೇ ಕೆರೆ ತೋಡಿ ಮಳೆಗಾಲದ ನೀರನ್ನು ತುಂಬಿಸಿಕೊಳ್ಳುವುದು ದೀರ್ಘಾವಧಿಯ ಪರಿಹಾರ. ಆ ಕೆರೆಯಲ್ಲಿ ಕಾಟ್ಲಾ, ರೋಹು ಸಾಕಿಕೊಂಡರೆ ಅದು ಅವರಿಗೆ ಹೆಚ್ಚುವರಿ.

ಮೊದಲ ಮಳೆಗೆ ಹತ್ತುವ ಮೀನನ್ನು ಹಿಡಿಯುವುದು ನಮ್ಮ ಹಿರಿಯರ ಕಾಲದಿಂದ ಬಂದದ್ದು. ಅದು ತಪ್ಪೇ?

ಮಲೆನಾಡಿನಾದ್ಯಂತ ಹತ್ತುಮೀನು ಎಂದರೆ ಸಂಭ್ರಮ. ರಾತ್ರಿ ಟಾರ್ಚು ಹಿಡಿದು ತೋಡಿಗೆ ಇಳಿಯುವವರಿಗೆ ಇದನ್ನು ಬಿಟ್ಟುಬಿಡಿ ಎಂದು ಉಪದೇಶಿಸಿ ಪ್ರಯೋಜನವಿಲ್ಲ. ಆದರೂ ಒಂದು ಸಂಗತಿ ಸ್ಪಷ್ಟ: ಹತ್ತುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ, ಇಳಿಯುವ ಮೀನಿನ ಹೊಟ್ಟೆಯಲ್ಲಿ ಇರುವುದಿಲ್ಲ. ಹಿರಿಯರ ಕಾಲದಲ್ಲಿ ಬೈಲು ತುಂಬ ಗದ್ದೆಯಿತ್ತು, ಹಿಡಿಯುವ ಕೈಗಳು ಕಡಿಮೆಯಿದ್ದವು, ನೈಲಾನ್ ಬಲೆ ಇರಲಿಲ್ಲ. ಈಗ ತೋಡಿನ ಬಾಯಿಗೆ ಅಡ್ಡಲಾಗಿ ಸೊಳ್ಳೆಪರದೆ ಕಟ್ಟಿದರೆ ಒಂದು ಮೀನೂ ಮೇಲೆ ಹೋಗುವುದಿಲ್ಲ.

ಆದ್ದರಿಂದ ಹಿಡಿಯುವುದನ್ನು ನಿಷೇಧಿಸುವುದಕ್ಕಿಂತ ಹಿಡಿಯುವ ಹೊತ್ತನ್ನು ಬದಲಿಸುವುದು ಹೆಚ್ಚು ಕಾಲ ಉಳಿಯುವ ನಿಯಮ. ಮೊದಲ ನೀರು ಬಂದ ಮೇಲೆ ಕೆಲವು ದಿನ ತೋಡಿನಲ್ಲಿ ಏನನ್ನೂ ಹಾಕದಿರುವುದು, ಯಾವಾಗಲೂ ತೋಡಿನ ಅರ್ಧ ಅಗಲವನ್ನು ತೆರೆದಿಡುವುದು, ಕೂಳಿಯನ್ನು ನೀರು ಇಳಿಯುವ ಕಾಲದಲ್ಲಿ ಗದ್ದೆಯ ಬಾಯಿಗೆ ಇಡುವುದು, ಕಣ್ಣು ಸಣ್ಣದಾದ ಬಲೆಯನ್ನು ಯಾರೂ ಬಳಸದಿರುವುದು. ಮೀನುಗಾರಿಕೆ ಇಲಾಖೆಯು ಮಳೆಗಾಲದಲ್ಲಿ ನಿಷೇಧ ಅವಧಿ ಪ್ರಕಟಿಸಿದರೆ ಅದು ಇವೆಲ್ಲಕ್ಕೂ ಮೇಲಿನದು.

ಕೊರವ ಮೀನಿನ ವಿಷಯದಲ್ಲಿ ಇನ್ನೊಂದು ಮಾತು. ತಾಯಿ ತಂದೆ ಎರಡೂ ಕೆಂಪು ಮರಿಗಳ ಗುಂಪನ್ನು ಕಾಯುತ್ತ ಗದ್ದೆಯಲ್ಲಿ ತಿರುಗುತ್ತವೆ. ಆ ಗುಂಪನ್ನು ನೋಡಿಯೇ ದೊಡ್ಡ ಮೀನು ಎಲ್ಲಿದೆಯೆಂದು ಗುರುತಿಸಿ ಹೊಡೆಯುತ್ತಾರೆ. ಹೊಡೆದ ಮೇಲೆ ಮರಿಗಳು ಬೇರೆ ಮೀನಿಗೆ ಆಹಾರವಾಗುತ್ತವೆ. ಮರಿ ಜೊತೆಗಿರುವ ಕೊರವವನ್ನು ಮುಟ್ಟಬಾರದು ಎಂಬ ಒಂದು ನಿಯಮವನ್ನಾದರೂ ಮಕ್ಕಳಿಗೆ ಹೇಳಿಕೊಡಬಹುದು.

ಪಲ್ಪರ್ ನೀರಿನಿಂದ ನಿಜವಾಗಿಯೂ ಮೀನು ಸಾಯುತ್ತದೆಯೇ?

ಸಾಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದಿಂದ ಬರುವ, ಸಿಪ್ಪೆ, ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಹೆಚ್ಚು. ಅದು ಹುಳಿತು ಆಮ್ಲೀಯವಾಗುತ್ತದೆ, ಕೊಳೆಯುವಾಗ ಹೊಳೆಯ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಪಲ್ಪಿಂಗ್ ನಡೆಯುವುದು ಡಿಸೆಂಬರಿನಿಂದ, ಅಂದರೆ ಹೊಳೆ ಇಳಿಯತೊಡಗಿದ ಕಾಲದಲ್ಲಿ. ಈ ನೀರನ್ನು ಗುಂಡಿಗಳಲ್ಲಿ ತಡೆದು ಸುಣ್ಣ ಹಾಕಿ ಸಂಸ್ಕರಿಸುವ ಬದಲು ಹಾಗೆಯೇ ತೋಡಿಗೆ ಬಿಡುವುದು 1974ರ ಜಲ ಮಾಲಿನ್ಯ ಕಾಯ್ದೆಗೆ ವಿರುದ್ಧ. ಹೆಚ್ಚಿನ ಬೆಳೆಗಾರರು ಇದನ್ನು ಬಲ್ಲರು. ರಾತ್ರಿ ಹೊತ್ತು ಗುಂಡಿಯ ತೂಬು ತೆರೆಯುವವರು ಕೆಲವೇ ಮಂದಿ. ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ತೋಡಿನಲ್ಲಿ ತೊಳೆಯುವುದೂ ಇದಕ್ಕೆ ಕಡಿಮೆಯ ಹಾನಿಯೇನಲ್ಲ, ಏಕೆಂದರೆ ಆ ದ್ರಾವಣದಲ್ಲಿರುವ ಮೈಲುತುತ್ತು ಮೀನಿಗೆ ವಿಷ.

ಗದ್ದೆ ಬೇಸಾಯದಲ್ಲಿ ನಷ್ಟವಿದೆ. ಪಾಳು ಬಿಟ್ಟರೆ ಅಥವಾ ಮಣ್ಣು ತುಂಬಿಸಿದರೆ ಬೇರೆಯವರಿಗೆ ಏನು ತೊಂದರೆ?

ಪಾಳು ಬಿಡುವುದಕ್ಕೂ ಮಣ್ಣು ತುಂಬಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಪಾಳು ಗದ್ದೆಯ ಮೇಲೂ ನೆರೆ ನೀರು ಹರಡಿ ನಿಲ್ಲಬಲ್ಲದು, ಬದುಗಳು ಒಡೆದು ನೀರು ಬೇಗ ಹರಿದುಹೋಗುವುದಷ್ಟೇ ಅಲ್ಲಿನ ನಷ್ಟ. ಮಣ್ಣು ತುಂಬಿಸಿ ಎತ್ತರಿಸಿದ ಗದ್ದೆಯಲ್ಲಿ ನೀರಿಗೆ ಜಾಗವೇ ಉಳಿಯುವುದಿಲ್ಲ. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಂತರೆ ಅದು 12 ಲಕ್ಷ ಲೀಟರಿಗೂ ಹೆಚ್ಚು. ಆ ನೀರು ಮಾಯವಾಗುವುದಿಲ್ಲ, ಪಕ್ಕದ ಅಥವಾ ಕೆಳಗಿನ ಮನೆಯ ಅಂಗಳಕ್ಕೆ ಹೋಗುತ್ತದೆ. ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸಲು ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಡಿ ಅನುಮತಿ ಬೇಕು. ನೆರೆ ಮಟ್ಟದ ಗುರುತುಗಳನ್ನು ಪಂಚಾಯಿತಿ ದಾಖಲಿಸಿಟ್ಟಿದ್ದರೆ ಅಂಥ ಅರ್ಜಿ ಬಂದಾಗ ಆಕ್ಷೇಪಣೆಗೆ ಆಧಾರ ಸಿಗುತ್ತದೆ. 2018, 2019ರ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಇನ್ನೂ ಗೋಡೆಗಳ ಮೇಲೆ, ಜನರ ನೆನಪಿನಲ್ಲಿ ಇದೆ. ಈಗಲೇ ಬರೆದಿಟ್ಟುಕೊಳ್ಳಿ.

ಗದ್ದೆ ಉಳಿಸಿಕೊಂಡವನಿಗೆ ಊರು ಏನು ಕೊಡುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ನಾಟಿಗೆ, ತೋಡಿನ ಹೂಳೆತ್ತಲು, ಬದು ಕಟ್ಟಲು ಕೂಲಿಯಿಲ್ಲದೆ ಕೂಡಾಳಾಗಿ ಬರುವುದು ಒಂದು ದಾರಿ. ಇಳಿಯುವ ಮೀನಿನ ಮೊದಲ ಪಾಲನ್ನು ಉಳುವವನಿಗೇ ಬಿಡುವುದು ಇನ್ನೊಂದು.

ಹಾರಂಗಿಯಿಂದ ನೀರು ಬಿಟ್ಟಾಗ ಏನು ಮಾಡಬೇಕು?

8.5 ಟಿಎಂಸಿ ಸಾಮರ್ಥ್ಯದ ಹಾರಂಗಿ ಜಲಾಶಯ ಚಿಕ್ಕದು; ಭಾರಿ ಮಳೆಯಲ್ಲಿ ಬೇಗ ತುಂಬುತ್ತದೆ. ಅದರ ನೀರು ಕೂಡಿಗೆಯ ಬಳಿ ಕಾವೇರಿಯನ್ನು ಸೇರುವುದರಿಂದ, ಎರಡೂ ಹೊಳೆಗಳು ಒಟ್ಟಿಗೆ ಏರಿದಾಗ ಸಂಗಮದ ಮೇಲ್ಭಾಗದ ಕಾವೇರಿ ನೀರು ಸರಾಗವಾಗಿ ಹರಿಯಲಾಗದೆ ಕಟ್ಟಿಕೊಳ್ಳಬಹುದು. ಗೇಟು ತೆರೆಯುವ ತೀರ್ಮಾನ ಕಾವೇರಿ ನೀರಾವರಿ ನಿಗಮದ ಅಧಿಕಾರಿಗಳದು, ಊರಿನದಲ್ಲ. ಊರು ಮಾಡಬಹುದಾದದ್ದು ಸುದ್ದಿಯ ಸರಪಳಿ: ಭಾಗಮಂಡಲ, ನಾಪೋಕ್ಲು ಕಡೆಯ ನೀರಿನ ಮಟ್ಟವನ್ನು ಕೆಳಗಿನವರಿಗೆ ದೂರವಾಣಿಯಲ್ಲಿ ತಿಳಿಸಲು ಪ್ರತಿ ಊರಿನಲ್ಲಿ ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಹೊಳೆಗೆ ಮೀನುಮರಿ ತಂದು ಬಿಟ್ಟರೆ ಸಾಲದೇ?

ಸಾಲದು, ಕೆಲವೊಮ್ಮೆ ಕೆಡುಕೂ ಆಗುತ್ತದೆ. ಕಾವೇರಿಯ ಡುಬ್ಬದ ಮಹಶೀರ್ ಇದಕ್ಕೆ ಸಾಕ್ಷಿ. ಈ ನದಿಯ ಕಣಿವೆಯಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಮೀನಿನ ಸಂಖ್ಯೆ ಕುಸಿಯುತ್ತಿದ್ದಾಗ, ಒಳ್ಳೆಯ ಉದ್ದೇಶದಿಂದಲೇ, ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರಿನ ಮರಿಗಳನ್ನು ಹೊಳೆಗೆ ಬಿಡಲಾಯಿತು. ಬಂದ ಮೀನು ಹೆಚ್ಚಿತು, ಇದ್ದ ಮೀನು ಅಪರೂಪವಾಯಿತು. ಡುಬ್ಬದ ಮಹಶೀರನ್ನು ವಿಜ್ಞಾನಿಗಳು ಟಾರ್ ರೆಮದೇವಿಯೈ ಎಂದು ಖಚಿತವಾಗಿ ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯಕ್ಕೊಳಗಾದ ಪ್ರಭೇದವೆಂದು ಸೇರಿತು. ಸಾಕಿದ ತಿಲಾಪಿಯಾ, ದೇಶದಲ್ಲಿ ನಿಷೇಧಕ್ಕೊಳಗಾದ ಆಫ್ರಿಕನ್ ಕ್ಯಾಟ್‌ಫಿಶ್ ನೆರೆಯಲ್ಲಿ ಕೆರೆಯ ಏರಿ ದಾಟಿ ಹೊಳೆಗೆ ಸೇರಿದರೆ ಹಿಂದಕ್ಕೆ ಕರೆಯಲು ಆಗುವುದಿಲ್ಲ. ನೆರೆ ಮುಟ್ಟುವ ಎತ್ತರದಲ್ಲಿ ಕೆರೆ ಇರುವವರು ಅವನ್ನು ಸಾಕಬಾರದು ಎಂಬುದು ನಮ್ಮ ಖಚಿತ ನಿಲುವು.

ಬೇರೆಡೆ ಇಂಥ ಒಪ್ಪಂದಗಳು ನಡೆದಿವೆಯೇ?

ನಮ್ಮಲ್ಲೇ ಇದೆ. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯ ಉಸ್ತುವಾರಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರನ್ನು ಮತ್ತೆ ನೀರಿಗೇ ಬಿಡುವ ಪದ್ಧತಿ ಬೆಳೆಯಿತು. ಕೊಡಗಿನ ಗಡಿ ದಾಟಿ ಹಾಸನ ಜಿಲ್ಲೆಗೆ ಹೋದರೆ ರಾಮನಾಥಪುರದಲ್ಲಿ ಇದೇ ಕಾವೇರಿಯ ಮಡುವಿನ ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬಂದಿದ್ದಾರೆ. ದೇವರ ಕಾಡುಗಳಿರುವ ಕೊಡಗಿಗೆ ಈ ಭಾಷೆ ಹೊಸದಲ್ಲ.

ಬಾಂಗ್ಲಾದೇಶದ ಅನುಭವ ಇನ್ನಷ್ಟು ವಿಸ್ತಾರವಾದದ್ದು. ಅಲ್ಲಿ ಕೆರೆ, ಬೀಲ್‌ಗಳ (ತಗ್ಗಿನಲ್ಲಿ ನೀರು ನಿಲ್ಲುವ ಜಾಗಗಳ) ಮೀನಿನ ಹಕ್ಕನ್ನು ಹೆಚ್ಚು ಹಣ ಕೂಗಿದವರಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರ ಅವಧಿ ಮುಗಿಯುವ ಮೊದಲು ಎಲ್ಲವನ್ನೂ ಬಾಚಿಕೊಳ್ಳುತ್ತಿದ್ದ. ಹೈಲ್ ಹಾವೋರ್ ಎಂಬ ವಿಶಾಲ ನೆರೆಬಯಲಿನಲ್ಲಿ 2003ರಲ್ಲಿ ಬೈಕ್ಕಾ ಬೀಲ್ ಎಂಬ ಜಲಭಾಗವನ್ನು ಮೀನಿಗಾಗಿ ಶಾಶ್ವತವಾಗಿ ಕಾಯ್ದಿರಿಸಿ, ಅದರ ಹೊಣೆಯನ್ನು ಸ್ಥಳೀಯ ಸಂಘಟನೆಗೆ ವಹಿಸಲಾಯಿತು. ಬೇಸಿಗೆ ಭತ್ತಕ್ಕೆ ಬೀಲ್‌ಗಳ ನೀರನ್ನು ಎತ್ತಿ ಬರಿದು ಮಾಡುವುದು ಅಲ್ಲಿಯೂ ದೊಡ್ಡ ತಕರಾರು, ಕಡಿಮೆ ನೀರಿನ ಬೆಳೆಗೆ ತಿರುಗುವುದು ಅಲ್ಲಿನ ರೈತರು ಕೆಲವೆಡೆ ಕಂಡುಕೊಂಡ ದಾರಿ. ಅಲ್ಲಿ ನೆರೆ ತಿಂಗಳುಗಟ್ಟಲೆ ನಿಲ್ಲುತ್ತದೆ, ಇಲ್ಲಿ ದಿನಗಳಲ್ಲಿ ಇಳಿಯುತ್ತದೆ. ಹಾಗಾಗಿ ಅಲ್ಲಿನಷ್ಟು ಮೀನನ್ನು ಇಲ್ಲಿ ನಿರೀಕ್ಷಿಸಬಾರದು. ಪಂಚಾಯಿತಿ ಕೆರೆಯ ಮೀನನ್ನು ಹರಾಜಿಗೆ ಇಡುವ ಮೊದಲು ಮಾತ್ರ ಅಲ್ಲಿನ ಗುತ್ತಿಗೆಯ ಕತೆಯನ್ನು ನೆನೆಯಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ?

ಬಣ್ಣದ ಡಬ್ಬಿ, ನಡಾವಳಿ ಪುಸ್ತಕ, ಫಲಕ ಇಷ್ಟಕ್ಕೆ ದೊಡ್ಡ ಹಣ ಬೇಡ. ಸ್ವಂತ ಕೆರೆಯಲ್ಲಿ ಮೀನು ಸಾಕುವವರು 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನದ ಬಗ್ಗೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು.

ಹೊಳೆಯಲ್ಲಿ ಮೀನು ಸತ್ತು ತೇಲಿದರೆ ಮೊದಲು ಏನು ಮಾಡಬೇಕು?

ಸತ್ತ ಮೀನನ್ನು ಮನೆಗೆ ಒಯ್ಯಬೇಡಿ, ವಿಷದಿಂದ ಸತ್ತಿರಬಹುದು. ಸಮಯ, ಸ್ಥಳ, ನೀರಿನ ಬಣ್ಣ, ವಾಸನೆಯನ್ನು ಬರೆದುಕೊಂಡು ಫೋಟೋ ತೆಗೆಯಿರಿ. ಶುದ್ಧವಾದ ಎರಡು ಬಾಟಲಿಗಳಲ್ಲಿ, ಮೀನು ತೇಲಿದ ಜಾಗದ ನೀರನ್ನು ಒಂದರಲ್ಲಿ, ಅದಕ್ಕಿಂತ ಮೇಲೆ ಮೀನು ಬದುಕಿರುವ ಜಾಗದ ನೀರನ್ನು ಇನ್ನೊಂದರಲ್ಲಿ, ಗಾಳಿ ಉಳಿಯದಂತೆ ತುಂಬಿ ತಂಪಾದ ಕಡೆ ಇಡಿ. ಕುಡಿಯುವ ನೀರು ಎತ್ತುವ ಕೆಳಗಿನ ಊರಿಗೆ ತಕ್ಷಣ ಕರೆ ಮಾಡಿ, ಬಳಿಕ ಪಂಚಾಯಿತಿ, ಮೀನುಗಾರಿಕೆ ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಯಾರ ತೋಟದಿಂದ ಬಂತೆಂಬುದು ಗೊತ್ತಿದೆ ಎನಿಸಿದರೂ ದೂರಿನಲ್ಲಿ ನೀವು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಿರಿ. ಉಳಿದದ್ದನ್ನು ಬಾಟಲಿಯ ನೀರಿನ ಪರೀಕ್ಷೆ ಹೇಳಲಿ.